ಕಲ್ಲಿದ್ದಲ ವ್ಯಾಗನ್ನಿನ ಮೂರನೆಯ ಬಾಗಿಲು

ಡೊಂಬಿವಲಿ ಪೂರ್ವದ ಎರಡನೇ ಮಹಡಿಯ ಫ್ಲಾಟಿನಲ್ಲಿ ಬಾಲ್ಕನಿಗೆ ಗಾಜು ಹಾಕಿಸಿ, ಒಂದು ಮೇಜು ಇಟ್ಟುಕೊಂಡು, ಅನಂತರಾಮರು ಇಪ್ಪತ್ತೆರಡು ವರ್ಷಗಳಿಂದ ಗೂಡ್ಸ್ ರೈಲಿನ ವ್ಯಾಗನ್ನುಗಳನ್ನು ಮಾಡುತ್ತಿದ್ದರು. ಒಂದೊಂದೂ ಗೇಣಿಗಿಂತ ಚಿಕ್ಕದು. ನಿಜವಾದ ವ್ಯಾಗನ್ನಿನ ಒಂದು ಮೀಟರು ಅವರ ಮೇಜಿನ ಮೇಲೆ ಹನ್ನೊಂದೂವರೆ ಮಿಲಿಮೀಟರು. ಯಾರಾದರೂ ಆಟಿಕೆ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆಟಿಕೆಗೆ ಚಕ್ರ ತಿರುಗಿದರೆ ಸಾಕು. ಇವರ ವ್ಯಾಗನ್ನಿಗೆ ಬ್ರೇಕಿನ ಕೊಳವೆ ಎಲ್ಲಿ ಬಾಗಬೇಕೋ ಅಲ್ಲೇ ಬಾಗಬೇಕು, ಏಣಿಗೆ ಐದು ಮೆಟ್ಟಿಲಿದ್ದರೆ ಐದೇ ಇರಬೇಕು. ಹಳೆಯ ಮೋಟಾರು ಬಿಚ್ಚಿ ತೆಗೆದ ತಾಮ್ರದ ತಂತಿ ಹಿಡಿಕೆಯಾಗುತ್ತಿತ್ತು, ಅವಧಿ ಮುಗಿದ ಆಫೀಸಿನ ಗುರುತಿನ ಚೀಟಿ ಗೋಡೆಯಾಗುತ್ತಿತ್ತು. ಮೈಸೂರಿನಿಂದ ಬಂದು ಫೋರ್ಟಿನ ವಿಮಾ ಕಂಪನಿಯಲ್ಲಿ ಅಧಿಕಾರಿಯಾದ ಅವರಿಗೆ, ನಿಯಮ ಅಂದರೆ ನಿಯಮವೇ.

ಪ್ರೇಮನಾಥರು ಅವರ ಮನೆಗೆ ಮೊದಲ ಸಲ ಬಂದದ್ದು ಎರಡು ಸಾವಿರದ ಎಂಟರಲ್ಲಿ. ಉಡುಪಿ ಕಡೆಯವರು, ನೆರೂಳದಲ್ಲಿ ಅವರದೊಂದು ಹೋಟೆಲು. ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಅನಂತರಾಮರ ನಾಲ್ಕು ವ್ಯಾಗನ್ನುಗಳನ್ನು ಕಂಡು ಅಲ್ಲೇ ಒಂದು ಗಂಟೆ ನಿಂತುಬಿಟ್ಟಿದ್ದರು. ಮುಂದಿನ ವಾರ ಹೋಳಿಗೆಯ ಪೊಟ್ಟಣ ಹಿಡಿದುಕೊಂಡು ಬಂದು, ನನಗೂ ಕಲಿಸಬೇಕು ಎಂದು ಕೇಳಿದರು. ಆಗ ಅವರಿಗೆ ನಲವತ್ತೆಂಟು. ಅನಂತರಾಮರಿಗಿಂತ ನಾಲ್ಕೇ ವರ್ಷ ಚಿಕ್ಕವರು. ಆದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬ್ಲೇಡು ಹಿಡಿಯುವುದರಿಂದ ಕಲಿತರು. ಅನಂತರಾಮರಿಗೆ ಅದು ಹಿತವಾಗಿತ್ತು. ಅಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಏನನ್ನೂ ಕಲಿಸಿ ಎಂದು ಕೇಳಿರಲಿಲ್ಲ.

ಎರಡು ವರ್ಷ ಎಲ್ಲ ಚೆನ್ನಾಗಿತ್ತು. ಶಿಷ್ಯನ ವ್ಯಾಗನ್ನುಗಳು ಸೊಟ್ಟಗಿದ್ದವು, ಗುರುಗಳು ಪ್ರೀತಿಯಿಂದಲೇ ತಿದ್ದಿದರು. ಮೂರನೆಯ ವರ್ಷ ಪ್ರೇಮನಾಥರು ಒಂದು ಕಲ್ಲಿದ್ದಲ ವ್ಯಾಗನ್ ತಂದು ಮೇಜಿನ ಮೇಲಿಟ್ಟರು. ಹೋಟೆಲಿನಲ್ಲಿ ಬಳಸದೆ ಬಿಟ್ಟ ಹಳೆಯ ದೋಸೆ ಕಾವಲಿಯ ತುಕ್ಕನ್ನು ಕೆರೆದು, ಕುಟ್ಟಿ, ಮಲ್ ಬಟ್ಟೆಯಲ್ಲಿ ಸೋಸಿ ಬಳಿದಿದ್ದರು. ತುಕ್ಕಿಗೆ ತುಕ್ಕೇ. ಮೂಲೆಗಳಲ್ಲಿ ಪಾತ್ರೆಯ ತಳದ ಮಸಿ. ಕಾಫಿ ತಂದ ಜಾನಕಿ, ಅನಂತರಾಮರ ಹೆಂಡತಿ, ಲೋಟ ಕೊಡುವುದನ್ನು ಮರೆತು ಬಗ್ಗಿ ನೋಡಿದರು.

"ರೀ, ಇದನ್ನ ಮುಟ್ಟಿದ್ರೆ ಕೈ ಕಪ್ಪಾಗುತ್ತೇನೋ ಅನ್ನಿಸುತ್ತೆ ಅಲ್ವಾ?" ಅಂದರು.

ಅನಂತರಾಮರ ಹೊಟ್ಟೆಯಲ್ಲಿ ಒಂದು ಕೆಂಡ ಬಿದ್ದದ್ದು ಆಗ. ಇಪ್ಪತ್ತು ವರ್ಷಗಳಲ್ಲಿ ಅವರ ಒಂದೊಂದು ವ್ಯಾಗನ್ನಿಗೂ ಜಾನಕಿ 'ಚೆನ್ನಾಗಿದೆ' ಎಂದಿದ್ದರು. ಅಷ್ಟೇ. ಅಂದು ಅವರು ಪ್ರೇಮನಾಥರಿಗೆ, ತುಕ್ಕು ಸ್ವಲ್ಪ ಜಾಸ್ತಿಯಾಯಿತು ಎಂದು ಹೇಳಿ ಕಳಿಸಿದರು. ಆಮೇಲೆ ತಮ್ಮ ಕಪಾಟಿನ ವ್ಯಾಗನ್ನುಗಳನ್ನೆಲ್ಲ ಹೊರಗೆ ತೆಗೆದು ಸಾಲಾಗಿ ನಿಲ್ಲಿಸಿ ನೋಡಿದರು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಒಂದರಲ್ಲೂ ಯಾರೂ ಸಾಮಾನು ತುಂಬಿದಂತಿರಲಿಲ್ಲ, ಇಳಿಸಿದಂತಿರಲಿಲ್ಲ.

ಪ್ರೇಮನಾಥರ ಗುಟ್ಟು ತುಕ್ಕಿನಲ್ಲಿರಲಿಲ್ಲ, ಕಣ್ಣಿನಲ್ಲಿತ್ತು. ಇಪ್ಪತ್ತೈದು ವರ್ಷ ಗಲ್ಲಾದ ಹಿಂದೆ ಕೂತು, ಯಾವ ಮೇಜಿನವರು ಏನು ತಿಂದರು, ಯಾರು ಅರ್ಧ ಬಿಟ್ಟರು ಎಂದು ಬರೆಯದೆ ನೆನಪಿಟ್ಟವರು. ಕಳಂಬೋಲಿಯ ಗೂಡ್ಸ್ ಯಾರ್ಡಿನ ಪಕ್ಕದ ರಸ್ತೆಯಲ್ಲಿ ಸ್ಕೂಟರು ನಿಲ್ಲಿಸಿ ಒಂದು ವ್ಯಾಗನ್ನನ್ನು ಹತ್ತು ನಿಮಿಷ ನೋಡಿದರೆ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಅದರ ಗಾಯ, ತೇಪೆ, ಯಾರೋ ಸೀಮೆಸುಣ್ಣದಲ್ಲಿ ಗೀಚಿದ ಗುರುತು, ಎಲ್ಲವೂ ಇಳಿಯುತ್ತಿತ್ತು. ಅನಂತರಾಮರು 'ಇಂಥ ಬಗೆಯ ವ್ಯಾಗನ್' ಮಾಡುತ್ತಿದ್ದರು. ಪ್ರೇಮನಾಥರು 'ಇದೇ ವ್ಯಾಗನ್' ಮಾಡುತ್ತಿದ್ದರು.

ಠಾಣೆಯಲ್ಲಿ ಈ ಹುಚ್ಚಿನವರದೊಂದು ಮಂಡಳಿಯಿತ್ತು, ಒಟ್ಟು ಒಂಬತ್ತು ಜನ. ಬೆಳಗಾವಿಯ ಇಂಜಿನಿಯರ್ ಹೃಷೀಕೇಶ ಅದರ ಕಾರ್ಯದರ್ಶಿ. ಎರಡು ಸಾವಿರದ ಹನ್ನೆರಡರ ಜನವರಿಯಲ್ಲಿ ಮಂಡಳಿ ಒಂದು ಶಾಲೆಯ ಹಾಲಿನಲ್ಲಿ ಪ್ರದರ್ಶನ ಏರ್ಪಡಿಸಿತು. ಬಾಗಿಲ ಎದುರಿಗೇ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಒಂದೇ ಒಂದು ವ್ಯಾಗನ್, ನಿಜವಾದದ್ದಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು. ಹಿಂದಿನ ದಿನ ಎಲ್ಲರೂ ಸೇರಿ ಆರಿಸುವುದು, ಹಿರಿಯರಾದ ಅನಂತರಾಮರು ಪರೀಕ್ಷಿಸುವುದು ಎಂದಾಯಿತು. ಅವರದೇ ಬ್ರೇಕ್‌ವ್ಯಾನ್, ಎಂದರೆ ಗೂಡ್ಸ್ ರೈಲಿನ ಕೊನೆಯಲ್ಲಿ ಗಾರ್ಡ್ ಕೂರುವ ಪುಟ್ಟ ಡಬ್ಬಿ, ಸಾಲಿನಲ್ಲಿತ್ತು. ರಾಯರದನ್ನು ಪರೀಕ್ಷಿಸುವುದೇನಿದೆ ಎಂದು ಎಲ್ಲರೂ ನಕ್ಕರು, ಅವರೂ ನಕ್ಕರು. ಉಳಿದವು ಒಂದೊಂದಾಗಿ ಬಿದ್ದುಹೋಗಿ, ಕೊನೆಗೆ ಪ್ರೇಮನಾಥರ ಹೊಸ ಕಲ್ಲಿದ್ದಲ ವ್ಯಾಗನ್ ಮಾತ್ರ ಎದುರಿಗೆ ನಿಂತಿತು.

ಅನಂತರಾಮರು ಭೂತಗನ್ನಡಿ ಹಿಡಿದು ಕಾಲು ಗಂಟೆ ನೋಡಿದರು. ತಪ್ಪು ಸಿಗಲಿಲ್ಲ. ಗಾಜು ಒರೆಸಿಕೊಂಡು ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ಸಿಕ್ಕಿತು. ಆ ವ್ಯಾಗನ್ನಿನ ಪಕ್ಕದ ಗೋಡೆಯಲ್ಲಿ ಕೆಳಗೆ ಸಾಲಾಗಿ ಬಾಗಿಲುಗಳಿದ್ದವು. ಪ್ರತಿ ಬಾಗಿಲಿಗೂ ಎರಡು ಉಬ್ಬುಪಟ್ಟಿ. ಮೂರನೆಯದಕ್ಕೆ ಮಾತ್ರ ಒಂದೇ.

"ಮೂರನೇ ಬಾಗಿಲು ತಪ್ಪಾಗಿದೆ" ಅಂದರು. ಧ್ವನಿ ಅವರು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು.

ಪ್ರೇಮನಾಥರು ನೋಟ್‌ಬುಕ್ ಬಿಚ್ಚಿದರು. "ಅದು ಹಾಗೇ ಉಂಟು ರಾಯರೇ. ರಿಪೇರಿಯಲ್ಲಿ ಬೇರೆ ಬಾಗಿಲು ಹಾಕಿದ್ದಾರೆ ಅಂತ ಕಾಣ್ತದೆ. ನಾನು ಕಣ್ಣಾರೆ ನೋಡಿದ್ದು."

ಕಣ್ಣಾರೆ ನೋಡಿದ್ದು ಆಧಾರವಾಗುವುದಿಲ್ಲ, ನಕ್ಷೆಯಲ್ಲಿ ಎರಡು ಪಟ್ಟಿ ಇವೆ, ಫೋಟೋ ಇದ್ದರೆ ತೋರಿಸಿ ಎಂದರು ಅನಂತರಾಮರು. ಫೋಟೋ ಇರಲಿಲ್ಲ. ಹೀಗೆ ಹೇಳುವಾಗಲೇ ಅವರ ತಲೆಯ ಒಂದು ಮೂಲೆಯಲ್ಲಿ, ಒಂಟಿ ಪಟ್ಟಿಯ ಇಂಥದೊಂದು ಬಾಗಿಲನ್ನು ತಾನೂ ಎಲ್ಲೋ ಕಂಡಿದ್ದೇನಲ್ಲ ಎಂಬುದು ಸುಳಿಯಿತು. ಸುಳಿದದ್ದನ್ನು ಅವರು ಅಲ್ಲೇ ಅದುಮಿದರು. ಹೃಷೀಕೇಶ ಇಬ್ಬರ ಮುಖವನ್ನೂ ನೋಡಿ, "ಹಂಗಾರ ಸರ ಹೇಳಿದ್ದ ಫೈನಲ್" ಅಂದರು. ಗಾಜಿನ ಪೆಟ್ಟಿಗೆಯೊಳಗೆ ಬ್ರೇಕ್‌ವ್ಯಾನ್ ಕೂತಿತು. ಎರಡು ದಿನ ಅದರ ಮುಂದೆ ಜನ ನಿಂತರು, ಮರಾಠಿ ಪತ್ರಿಕೆಯೊಂದರವರು ಫೋಟೋ ತೆಗೆದುಕೊಂಡರು. ಪ್ರೇಮನಾಥರ ವ್ಯಾಗನ್ ಹಿಂದಿನ ಮೇಜಿನಲ್ಲಿ, ಫ್ಯಾನಿನ ಕೆಳಗೆ ಇತ್ತು. ಅಲ್ಲೂ ಜನ ನಿಂತಿದ್ದರು. ಅನಂತರಾಮರು ಅವರನ್ನು ಎಣಿಸಿದರು.

ಪ್ರದರ್ಶನ ಮುಗಿದ ಮರುದಿನ ಅವರು ರಜೆ ಹಾಕಿ ಹಳೆಯ ಆಲ್ಬಮ್ಮುಗಳನ್ನು ಹರಡಿಕೊಂಡು ಕೂತರು. ಹುಡುಕುತ್ತಿದ್ದೇನೆ ಎಂದು ತಮಗೇ ಒಪ್ಪಿಕೊಳ್ಳದೆ ಹುಡುಕಿದರು. 'ಕಲ್ಯಾಣ, ೨೦೦೪' ಎಂದು ಬರೆದ ಆಲ್ಬಮ್ಮಿನ ಒಂಬತ್ತನೆಯ ಹಾಳೆಯಲ್ಲಿ ಅದಿತ್ತು. ಕಲ್ಯಾಣದ ಸೇತುವೆಯ ಮೇಲಿಂದ ರೀಲಿನ ಕ್ಯಾಮೆರಾದಲ್ಲಿ ತಾವೇ ತೆಗೆದ ಚಿತ್ರ. ಮೂರನೆಯ ಬಾಗಿಲಿಗೆ ಒಂದೇ ಪಟ್ಟಿ. ಬಗೆಯಷ್ಟೇ ಅಲ್ಲ, ಅದೇ ವ್ಯಾಗನ್: ಗೋಡೆಯ ಮೇಲಿನ ನಂಬರಿನ ಕೊನೆಯ ನಾಲ್ಕು ಅಂಕಿ ಪ್ರೇಮನಾಥರು ತಮ್ಮದರ ಮೇಲೆ ಬರೆದಿದ್ದವೇ. ಎಂಟು ವರ್ಷ ಆ ವ್ಯಾಗನ್ ದೇಶವೆಲ್ಲ ತಿರುಗಿ ಅದೇ ಬಾಗಿಲು ಹೊತ್ತು ಕಳಂಬೋಲಿಗೆ ಬಂದಿತ್ತು. ಅನಂತರಾಮರು ಆಲ್ಬಮ್ ಮುಚ್ಚಿ ಬೀರುವಿನ ಮೇಲಿಟ್ಟರು. ಫೋನ್ ಮಾಡಬೇಕು ಅಂದುಕೊಂಡರು. ಮಾಡಲಿಲ್ಲ. ನಾಳೆ ಅಂದುಕೊಂಡರು. ಹೀಗೆ ಮೂರು ವಾರ ಕಳೆಯಿತು.

ನಾಲ್ಕನೆಯ ಭಾನುವಾರ ಪ್ರೇಮನಾಥರೇ ಬಂದರು. ಹತ್ತಿ ಹಾಸಿದ ಸಿಹಿತಿಂಡಿಯ ಡಬ್ಬಿಯಿಂದ ವ್ಯಾಗನ್ ತೆಗೆದು ಮೇಜಿನ ಮೇಲಿಟ್ಟರು. ಮೂರನೆಯ ಬಾಗಿಲನ್ನು ಕತ್ತರಿಸಿ ತೆಗೆದು ಎರಡು ಪಟ್ಟಿಯ ಹೊಸದನ್ನು ಕೂಡಿಸಿದ್ದರು. ಅಂಟು ಸುತ್ತಲಿನ ತುಕ್ಕನ್ನೆಲ್ಲ ತಿಂದಿತ್ತು. ಅಲ್ಲಿ ಸುಟ್ಟ ಗಾಯ ಮಾಯ್ದ ಚರ್ಮದ ಹಾಗೆ ಒಂದು ನುಣುಪು.

"ಈಗ ಸರಿ ಆಯ್ತಾ ರಾಯರೇ?"

ಅನಂತರಾಮರ ಕಣ್ಣು ಬೀರುವಿನ ಮೇಲೆ ಹೋಗಿ ಬಂತು. "ಸರಿ" ಅಂದರು.

ಪ್ರೇಮನಾಥರಿಗೆ ಸಮಾಧಾನವಾಯಿತು. ಇನ್ನು ಮೇಲೆ ಕಣ್ಣನ್ನು ನಂಬಿ ಕೆಲಸ ಮಾಡುವುದಿಲ್ಲ, ನೋಟ್‌ಬುಕ್ಕನ್ನು ರದ್ದಿಗೆ ಹಾಕಿಬಿಟ್ಟೆ, ನಿಮ್ಮ ಬಳಿಯ ನಕ್ಷೆಗಳ ಪ್ರತಿ ಕೊಡಿ ಎಂದು ಕೇಳಿದರು. ಅನಂತರಾಮರು ಕೊಟ್ಟರು. ಆರು ನಕ್ಷೆಗಳನ್ನು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರು.

ಏಪ್ರಿಲಿನಲ್ಲಿ ಪ್ರೇಮನಾಥರು ಮುಂದಿನ ವ್ಯಾಗನ್ ತಂದರು. ಅಳತೆಯೆಲ್ಲ ಸರಿಯಾಗಿತ್ತು. ಆದರೆ ಅದರಲ್ಲಿ ಏನೂ ಇರಲಿಲ್ಲ. ಅನಂತರಾಮರ ಕಪಾಟಿನಲ್ಲಿ ಇಟ್ಟರೆ ಅವರದ್ದೇ ಎನ್ನುವಂತಿತ್ತು. ಅದನ್ನು ನೋಡುತ್ತಲೇ ಅನಂತರಾಮರಿಗೆ ಮೊದಲು ಆದದ್ದು ಖುಷಿ. ತಿಂಗಳುಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋದ ಹಾಗೆ ಉಸಿರು ಸರಾಗವಾಯಿತು. ಬಾಯಿತುಂಬ ಹೊಗಳಿದರು. ಮೆಟ್ಟಿಲ ತನಕ ಹೋಗಿ ಬೀಳ್ಕೊಟ್ಟು ಬಂದರು.

ತಿರುಗಿ ಬಂದಾಗ ಜಾನಕಿ ಲೋಟ ಎತ್ತುತ್ತಿದ್ದರು. "ಪ್ರೇಮನಾಥರಿಗೆ ಮೈ ಹುಷಾರಿಲ್ವೇನ್ರೀ? ಈ ಸಲದ್ದು ಅವರು ಮಾಡಿದ ಹಾಗೇ ಇರ್ಲಿಲ್ಲ" ಅಂದರು.

ತಮಗೆ ಖುಷಿಯಾದದ್ದು ಯಾಕೆ ಎಂಬುದು ಆಗ ಅನಂತರಾಮರಿಗೆ ಬೆತ್ತಲೆಯಾಗಿ ಕಂಡಿತು. ತಾನು ಮುರಿದದ್ದು ಒಂದು ಬಾಗಿಲನ್ನಲ್ಲ. ಮುರಿದು, ಅದು ಮುರಿಯಿತೆಂದು ಈಗ ಹಬ್ಬ ಮಾಡುತ್ತಿದ್ದೇನೆ. ಆ ವಾರ ಅವರಿಗೆ ಬ್ಲೇಡು ಹಿಡಿಯಲಾಗಲಿಲ್ಲ. ಕೊನೆಗೆ ಶನಿವಾರ ಆ ಚಿತ್ರವನ್ನು ಆಲ್ಬಮ್ಮಿನಿಂದ ಕಿತ್ತು ಜೇಬಿನಲ್ಲಿಟ್ಟುಕೊಂಡು ಹೊರಟರು. ಠಾಣೆಯಲ್ಲಿ ಲೋಕಲ್ ಬದಲಿಸಿ ನೆರೂಳದಲ್ಲಿ ಇಳಿಯುವ ಹೊತ್ತಿಗೆ, ನಿನ್ನೆಯಷ್ಟೇ ಸಿಕ್ಕಿತು ಎಂದು ಹೇಳುವುದೆಂದು ತೀರ್ಮಾನಿಸಿದ್ದರು. ಐರೋಲಿ ದಾಟುವಾಗ ಹೊಳೆದ ಮಾತು, ಬಲು ಸಲೀಸಾಗಿತ್ತು.

ಊಟದ ಹೊತ್ತು, ಹೋಟೆಲು ತುಂಬಿತ್ತು. ಗಲ್ಲಾದಲ್ಲಿದ್ದ ಪ್ರೇಮನಾಥರು ಅವರನ್ನು ಕಂಡು ಎದ್ದುನಿಂತು, ಹೆಂಡತಿ ಜಯಲತಾರನ್ನು ಕರೆದು ತಮ್ಮ ಜಾಗದಲ್ಲಿ ಕೂರಿಸಿ, ಅನಂತರಾಮರನ್ನು ಒಳಗಿನ ಸಾಮಾನಿನ ಕೋಣೆಗೆ ಕರೆದುಕೊಂಡು ಹೋದರು. ಅಕ್ಕಿ ಮೂಟೆಗಳ ನಡುವೆ ನಿಂತು ಅನಂತರಾಮರು ಚಿತ್ರ ಕೊಟ್ಟರು. ಪ್ರೇಮನಾಥರು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಿಮಗೆ ಯಾವಾಗ ಸಿಕ್ಕಿದ್ದು?"

ಸಿದ್ಧಮಾಡಿಕೊಂಡು ಬಂದ ಸುಳ್ಳನ್ನು ಅನಂತರಾಮರು ಹೇಳಲಾರದೆ ಹೋದರು. "ಪ್ರದರ್ಶನ ಮುಗಿದ ಮಾರನೇ ದಿನ" ಅಂದರು.

"ಅಂದ್ರೆ, ನಾನು ಬಾಗಿಲು ತೆಗೀಲಿಕ್ಕೆ ಮುಂಚೆಯೇ."

"ಹೌದು."

"ಯಾಕೆ ರಾಯರೇ?"

"ಹೊಟ್ಟೆಕಿಚ್ಚು" ಅಂದರು ಅನಂತರಾಮರು. ಐವತ್ತಾರು ವರ್ಷದಲ್ಲಿ ಆ ಮಾತನ್ನು ತಮ್ಮ ಬಗ್ಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ನಿಮ್ಮದು ನನ್ನದಕ್ಕಿಂತ ಚೆನ್ನಾಗಿತ್ತು."

ಪ್ರೇಮನಾಥರು ಕೂಗಾಡಲಿಲ್ಲ. ಚಿತ್ರವನ್ನು ಮಡಚದೆ ಅಂಗಿಯ ಜೇಬಿಗೆ ಹಾಕಿಕೊಂಡರು. "ಬಾಗಿಲು ಹೋದ್ರೆ ಹೋಗ್ಲಿ ಮಾರಾಯ್ರೆ, ಇನ್ನೊಂದು ಮಾಡಬಹುದು. ಸಾಂಬಾರಿನ ಬೇಳೆ ಬೆಂದಿಲ್ಲ ಅಂತ ದೂರದಿಂದ ನೋಡಿ ಹೇಳುವವ ನಾನು. ಮೂರು ತಿಂಗಳು ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇರ್ಲಿಲ್ಲ. ಅದನ್ನು ಯಾರು ಕೊಡ್ತಾರೆ?"

ಆಮೇಲೆ, ಊಟ ಮಾಡಿಕೊಂಡು ಹೋಗಿ ಅಂದರು. ಅದು ಹೋಟೆಲಿನವರು ಯಾರಿಗಾದರೂ ಹೇಳುವ ಮಾತು. ಅನಂತರಾಮರು ಊಟ ಮಾಡದೆ ಬಂದರು.

ಮಂಡಳಿಯ ಮುಂದಿನ ಸಭೆಯಲ್ಲಿ ಅವರು ಎದ್ದುನಿಂತು ನಡೆದದ್ದನ್ನೆಲ್ಲ ಹೇಳಿದರು. ಪ್ರೇಮನಾಥರು ಅಂದು ಬಂದಿರಲಿಲ್ಲ. ಸಭೆ ಮುಗಿದ ಮೇಲೆ ಹೃಷೀಕೇಶ ಪಕ್ಕಕ್ಕೆ ಕರೆದು, "ಇಷ್ಟೆಲ್ಲಾ ಹೇಳೂದು ಜರೂರ ಇರಲಿಲ್ಲ ಬಿಡ್ರಿ ಸರ" ಅಂದರು. ಇಬ್ಬರು ಸದಸ್ಯರು ಅಂದಿನಿಂದ ಅನಂತರಾಮರೊಡನೆ ಮಾತು ಕಡಿಮೆ ಮಾಡಿದರು. ಡೊಂಬಿವಲಿಯ ಮನೆಗೆ ಪ್ರೇಮನಾಥರು ಬರುವುದು ನಿಂತೇ ಹೋಯಿತು. ಜಾನಕಿ ಎರಡು ಭಾನುವಾರ ಕಾಫಿಗೆ ಹಾಲು ಹೆಚ್ಚು ತರಿಸಿ, ಮೂರನೆಯ ಭಾನುವಾರ ಬಿಟ್ಟರು. ಗಂಡ ಹೇಳಿದ್ದನ್ನು ಕೇಳಿ ಅವರು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ.

ಮರುವರ್ಷದ ಪ್ರದರ್ಶನಕ್ಕೆ ಪ್ರೇಮನಾಥರು ಬಂದರು. ಹೊಸ ನೋಟ್‌ಬುಕ್ಕಿನಿಂದ ಹೊಸ ವ್ಯಾಗನ್: ಸಿಮೆಂಟು ಸಾಗಿಸುವ ಮುಚ್ಚಿದ ಡಬ್ಬಿ. ಬಾಗಿಲ ಸಂದಿನಲ್ಲಿ ಸೋರಿದ ಬೂದು ಪುಡಿ ಮಳೆಗೆ ಸಿಕ್ಕಿ ಗಟ್ಟಿಯಾದ ಗೆರೆಗಳು. ಅದು ಗಾಜಿನ ಪೆಟ್ಟಿಗೆಗೆ ಹೋಗುವುದರ ಬಗ್ಗೆ ಯಾರಿಗೂ ಎರಡು ಮಾತಿರಲಿಲ್ಲ. ಅನಂತರಾಮರು ನೋಡಿದರು, ಕೆಂಡ ಇದ್ದ ಜಾಗದಲ್ಲೇ ಇತ್ತು, ಒಂದಿಷ್ಟೂ ಆರಿರಲಿಲ್ಲ. ಪರೀಕ್ಷಿಸುವವರು ಯಾರು ಎಂದು ಹೃಷೀಕೇಶ ಕೇಳಿದಾಗ, ತಮ್ಮ ತೈಲದ ಟ್ಯಾಂಕ್ ವ್ಯಾಗನ್ನನ್ನು ಅನಂತರಾಮರೇ ಎತ್ತಿಕೊಂಡು ಹೋಗಿ ಪ್ರೇಮನಾಥರ ಮುಂದೆ ಇಟ್ಟರು.

"ನನ್ನದನ್ನ ನೀವು ನೋಡಿ" ಅಂದರು.

ಪ್ರೇಮನಾಥರು ಅವರ ಮುಖ ನೋಡಲಿಲ್ಲ. ವ್ಯಾಗನ್ನನ್ನು ನೋಡಿದರು, ತಿರುಗಿಸಿದರು, ಬೆಳಕಿಗೆ ಹಿಡಿದರು. ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಮೂರು ತಪ್ಪು ತೋರಿಸಿದರು. ಮೊದಲ ಎರಡನ್ನು ಅನಂತರಾಮರು ಒಪ್ಪಿದರು. ಮೂರನೆಯದು, ಟ್ಯಾಂಕಿನ ತುದಿಯ ಏಣಿ ಎಡಕ್ಕಲ್ಲ ಬಲಕ್ಕಿರಬೇಕು ಎಂಬುದನ್ನು, ಒಪ್ಪಲಿಲ್ಲ. ನಕ್ಷೆ ತೆಗೆದರು. ಪ್ರೇಮನಾಥರು ನಕ್ಷೆಯ ಮೇಲೆ ಕಣ್ಣು ಹಾಯಿಸದೆ, "ಟ್ಯಾಂಕರಿನ ರೈಲು ಭಿವಂಡಿ ಸ್ಟೇಷನ್ನಿನಲ್ಲಿ ದಿನಾ ನಿಲ್ತದೆ. ಹೋಗಿ ನೋಡಿದ್ರಾಯ್ತು" ಅಂದರು.

"ನೀವೂ ಬರ್ತೀರಾ?" ಎಂದು ಅನಂತರಾಮರು ಕೇಳಿದರು.

ಪ್ರೇಮನಾಥರು ಸಿಮೆಂಟು ವ್ಯಾಗನ್ನನ್ನು ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿ, ಬೀಗ ಹಾಕಿ, ಬೀಗದ ಕೈಯನ್ನು ಹೃಷೀಕೇಶರಿಗೆ ಕೊಟ್ಟು ಬಂದು, ಬುಧವಾರವಾದರೆ ಆಗಬಹುದು ಎಂದರು.

ಬುಧವಾರ ಅನಂತರಾಮರು ಅರ್ಧ ದಿನ ರಜೆ ಹಾಕಿದರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಬ್ಬರೂ ಒಂದೂವರೆ ಗಂಟೆ ನಿಂತರು, ಹೆಚ್ಚು ಮಾತಿಲ್ಲದೆ. ಟ್ಯಾಂಕರುಗಳ ರೈಲು ಬಂತು. ಏಣಿ ಬಲಕ್ಕಿತ್ತು, ಒಂದರಲ್ಲಲ್ಲ, ಕಂಡಷ್ಟರಲ್ಲೂ. ಅನಂತರಾಮರು ಒಂದೇ ಒಂದು ಡಬ್ಬಿಯಲ್ಲಾದರೂ ಎಡಕ್ಕಿರಲಿ ಎಂದು ಕೊನೆಯ ಟ್ಯಾಂಕರು ದಾಟುವ ತನಕ ಕಾದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಏಣಿ ಬಲಕ್ಕೆ ಎಂದು ಬರೆದುಕೊಂಡರು.