ಹಿಂದಿನ ಬ್ಯಾಟರಿ

ತಂಗಿ ವೈರಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಬ್ಲೇಡನ್ನು ಸುತ್ತಲೂ ಒಮ್ಮೆ ತಿರುಗಿಸಿ, ಪ್ಲಾಸ್ಟಿಕ್ಕಿನ ಸಿಪ್ಪೆಯನ್ನು ಎಳೆದು ತೆಗೆದಳು. ಒಳಗಿನ ತಾಮ್ರದ ಎಳೆಗಳನ್ನು ಎರಡು ಬೆರಳ ನಡುವೆ ಹೊಸೆದಳು. ಅಕ್ಕ ಒಂದು ಕೈಯಲ್ಲಿ ಮಂಚದ ಹಲಗೆಯನ್ನು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಟಾರ್ಚು ಬಿಡುತ್ತಿದ್ದಳು. ಮಂಚದ ಕೆಳಗಿದ್ದದ್ದು ಗಾಡಿಯ ಹಿಂದಿನ ಬ್ಯಾಟರಿ. ಭಾವನನ್ನು ಬಿಟ್ಟು ಬೇರೆ ಯಾರೂ ಅದಕ್ಕೆ ಕೈ ಹಾಕುವಂತಿರಲಿಲ್ಲ. ಭಾವ ಗೋದಾಮಿನ ಆಫೀಸಿಗೆ ಹೋಗಿ ಹತ್ತು ನಿಮಿಷವಾಗಿತ್ತು.

ಅವರ ಮನೆಯೆಂದರೆ ಆ ಗಾಡಿಯೇ. ಉದ್ದನೆಯ ವ್ಯಾನು, ಒಳಗೆ ಎರಡು ಮಂಚ, ಒಂದು ಒಲೆ, ಅಂಗೈಯಗಲದ ಬೇಸಿನ್ನು, ಕೂತರೆ ಮೊಣಕಾಲು ತಾಗುವ ಮೇಜು. ಮೊದಲಿನ ಮಾಲೀಕ ಅದರಲ್ಲಿ ರಜೆ ಕಳೆಯುತ್ತಿದ್ದನಂತೆ. ಭಾವ ಅದರಲ್ಲಿ ಸಂಸಾರವನ್ನೇ ಹೇರಿಕೊಂಡು ತಿರುಗುತ್ತಿದ್ದ. ಲಾರಿ ತೂಗುವ ವೇಬ್ರಿಡ್ಜುಗಳ ರಿಪೇರಿ ಅವನ ಕಸುಬು. ಇಂದು ಸಿಮೆಂಟಿನ ಗೋದಾಮು, ನಾಳೆ ಗುಜರಿ ಅಂಗಳ. ಅಮ್ಮ ತೀರಿಕೊಂಡ ವರ್ಷ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದ ತಂಗಿ, ಪಕ್ಕದಲ್ಲಿ ನಿಂತು ನೋಡಿ ನೋಡಿಯೇ ಅರ್ಧ ಕಸುಬು ಕಲಿತಿದ್ದಳು. ಇಲಿ ಕಡಿದ ಕೇಬಲ್ ಕೂಡಿಸುವುದರಲ್ಲಿ ಅವಳ ಬೆರಳು ಭಾವನದಕ್ಕಿಂತ ಚುರುಕು. ಆದರೆ ನಾಲ್ಕು ಜನರ ಎದುರು ಅವಳಿಗೆ ಬಾಯೇ ಬರುತ್ತಿರಲಿಲ್ಲ. ಭಾವ ಅವಳನ್ನು ‘ಮೂಗಿ’ ಎಂದು ಕರೆಯುತ್ತಿದ್ದ. ಅವನ ಬಾಯಲ್ಲಿ ಅದು ಮುದ್ದಿನ ಹೆಸರು.

ಮುಂದಿನ ಸೀಟಿನಲ್ಲಿ ಕೂತು ದಾರಿ ಹೇಳುವುದು ಅಕ್ಕನ ಪಾಲಿನ ಕೆಲಸವಾಗಿತ್ತು. ತೊಡೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಬೆರಳು. ತಿರುವು ತಪ್ಪಿದರೆ ಭಾವ ಗೇರು ಹಾಕುವ ಕೈಯನ್ನು ಗೇರಿನಿಂದ ತೆಗೆದು ಅಕ್ಕನ ಮುಖಕ್ಕೆ ಬಾರಿಸಿ, ಮತ್ತೆ ಗೇರಿನ ಮೇಲೆ ಇಡುತ್ತಿದ್ದ. ರಸ್ತೆಯಿಂದ ಕಣ್ಣು ಕೂಡ ತೆಗೆಯುತ್ತಿರಲಿಲ್ಲ. ತಡವಾಗಿ ತಲುಪಿದರೆ ಅಲ್ಲಿ ಸಾಲುಗಟ್ಟಿದ ಲಾರಿಗಳು, ಬೈಯುವ ಮ್ಯಾನೇಜರು. ಅವರೆದುರು ಭಾವ ಹಲ್ಲು ಗಿಂಜುತ್ತಿದ್ದ. ಗಾಡಿಯೊಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವನ ಲೆಕ್ಕವೇ ಬೇರೆ. ಹೋದ ಬೇಸಗೆಯಲ್ಲಿ ಅಕ್ಕನ ಎರಡು ಹಲ್ಲು ಹೋದವು. ಅದಕ್ಕೂ ಮುಂಚೆ ಒಂದು ಪಕ್ಕೆಲುಬು.

ಅದಕ್ಕೇ ತಂಗಿ ಗುಜರಿ ಅಂಗಳದಲ್ಲಿ ಲಾರಿಯೊಂದರ ಹಳೆಯ ಜಿಪಿಎಸ್ ಸಿಕ್ಕಾಗ ಕಣ್ಣಿಗೊತ್ತಿಕೊಂಡು ತಂದಿದ್ದಳು. ಇನ್ನು ದಾರಿ ಹೇಳುವುದು ಮೆಷಿನ್ನು, ತಪ್ಪಿದರೆ ಬೈಸಿಕೊಳ್ಳುವುದೂ ಮೆಷಿನ್ನೇ ಎಂಬ ಆಸೆ. ಅದರ ಹೊಟ್ಟೆಯೊಳಗಿನ ಬ್ಯಾಟರಿ ಸತ್ತಿತ್ತು. ಸಿಗರೇಟು ಹಚ್ಚುವ ಸಾಕೆಟ್ಟಿಗೆ ಸಿಕ್ಕಿಸಿದರೆ ಉರಿಯುತ್ತಿತ್ತು, ಇಲ್ಲವಾದರೆ ಇಲ್ಲ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಬೆಟ್ಟದ ರಸ್ತೆ ಬಂತು.

ಇಳಿಜಾರು ಕಂಡರೆ ಭಾವ ಕೀ ತಿರುಗಿಸಿ ಎಂಜಿನ್ ಬಂದ್ ಮಾಡುತ್ತಿದ್ದ. ಗಾಡಿ ತನ್ನ ಭಾರಕ್ಕೆ ತಾನೇ ಉರುಳುತ್ತಿತ್ತು. “ಇದು ನಮ್ಮಪ್ಪ ಬಿಟ್ಟುಹೋದ ಡೀಸೆಲ್ಲು,” ಎಂದು ನಗುತ್ತಿದ್ದ. ಎಂಜಿನ್ ಜೊತೆಗೆ ಸಾಕೆಟ್ಟೂ ಸಾಯುತ್ತಿತ್ತು, ಸಾಕೆಟ್ಟಿನ ಜೊತೆಗೆ ಜಿಪಿಎಸ್ಸೂ. ಕೆಳಗೆ ತಲುಪಿ ಎಂಜಿನ್ ಶುರು ಮಾಡಿದ ಮೇಲೆ ಅದು ಕಣ್ಣು ಬಿಟ್ಟು ತಾನೆಲ್ಲಿದ್ದೇನೆ ಎಂದು ತಿಳಿದುಕೊಳ್ಳಲು ಎರಡು ನಿಮಿಷ ಬೇಕಿತ್ತು. ಅಷ್ಟರಲ್ಲಿ ಕವಲು ದಾಟಿ ಹೋಗಿರುತ್ತಿತ್ತು.

“ಒಂದು ವೈರು ಗಟ್ಟಿಯಾಗಿ ಹಿಡ್ಕೊಳ್ಳೋಕೂ ಯೋಗ್ಯತೆ ಇಲ್ವಾ ನಿಂಗೆ?” ಎಂದು ಭಾವ ನಿನ್ನೆ ಆ ಜಿಪಿಎಸ್ಸಿನಿಂದಲೇ ಅಕ್ಕನ ಕಿವಿಯ ಮೇಲೆ ಹೊಡೆದಿದ್ದ. ಎರಡನೇ ಏಟಿಗೆ ಕಿವಿಯಿಂದ ರಕ್ತ ಬಂತು. ಮೂರನೆಯದಕ್ಕೆ ಅಕ್ಕ ಕೂಗುವುದನ್ನೂ ನಿಲ್ಲಿಸಿದಳು. ಜಿಪಿಎಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತಿದ್ದ ತಂಗಿ ಕೀ ತಿರುಗಿದ್ದನ್ನೂ ಪರದೆ ಕಪ್ಪಾದದ್ದನ್ನೂ ಒಟ್ಟಿಗೆ ನೋಡಿದ್ದಳು. ಮುಂದಿನ ಬ್ಯಾಟರಿ ಕೀಲಿಯ ಮಾತು ಕೇಳುತ್ತದೆ. ದೀಪಕ್ಕೆ, ನೀರಿನ ಪಂಪಿಗೆ, ಭಾವನ ಫ್ಯಾನಿಗೆ ಕರೆಂಟು ಕೊಡುವ ಹಿಂದಿನದು ಯಾರ ಮಾತನ್ನೂ ಕೇಳುವುದಿಲ್ಲ. ಜಿಪಿಎಸ್ಸನ್ನು ಅದಕ್ಕೆ ಕಟ್ಟಿಬಿಟ್ಟರೆ ಆಯಿತು.

ಎರಡು ವೈರುಗಳನ್ನು ಬ್ಯಾಟರಿಯ ತಲೆಗಳಿಗೆ ಬಿಗಿದು, ಕೆಂಪು ವೈರಿನ ನಡುವೆ ಒಂದು ಫ್ಯೂಸು ಕೂರಿಸಿದಳು. ವೈರನ್ನು ನೆಲದ ಮ್ಯಾಟಿನ ಅಡಿಯಲ್ಲಿ ಮುಂದಿನವರೆಗೂ ಎಳೆದು, ಗುಜರಿಯಿಂದ ತಂದ ಇನ್ನೊಂದು ಸಾಕೆಟ್ಟಿಗೆ ಸೇರಿಸಿ, ಅದನ್ನು ಡ್ಯಾಶ್‌ಬೋರ್ಡಿನ ಅಡಿಗೆ ಕಣ್ಣಿಗೆ ಬೀಳದಂತೆ ಕಟ್ಟಿದಳು. ಜಿಪಿಎಸ್ ಉರಿಯಿತು. ಕೀಲಿ ಭಾವನ ಜೇಬಿನಲ್ಲೇ ಇತ್ತು.

“ಅವ್ರಿಗೆ ಗೊತ್ತಾದ್ರೆ?” ಎಂದಳು ಅಕ್ಕ.

“ಗೊತ್ತಾಗಲ್ಲ.”

“ಈ ಕಡೆ ಬಂದು ಹೇಳು ಪುಟ್ಟೀ. ಆ ಕಿವಿ ಕೇಳಿಸ್ತಿಲ್ಲ.”

ತಂಗಿ ಇನ್ನೊಂದು ಪಕ್ಕಕ್ಕೆ ಹೋಗಿ ಹೇಳಿದಳು. “ಗೊತ್ತಾಗಲ್ಲ ಅಕ್ಕ.”

ಭಾವ ಬಂದ. ಗಾಡಿ ಹೊರಟಿತು. ಆ ದಿನದ ಕೆಲಸ ಬೆಟ್ಟದ ಆಚೆ ಜಲ್ಲಿ ಕ್ರಷರಿನಲ್ಲಿ. ಮೊದಲ ಇಳಿಜಾರು ಬರುತ್ತಲೇ ಭಾವ ಕೀ ತಿರುಗಿಸಿದ. ಎಂಜಿನ್ ಸುಮ್ಮನಾಯಿತು, ಟೈರುಗಳ ಸದ್ದು, ಗಾಳಿಯ ಸದ್ದು ಮಾತ್ರ ಉಳಿದವು. ತಂಗಿ ಮೈಯೆಲ್ಲ ಕಣ್ಣಾಗಿ ಪರದೆಯನ್ನೇ ನೋಡಿದಳು. ಅದು ಆರಲಿಲ್ಲ. ನೀಲಿ ಗೆರೆ ಹಾಗೇ ಹರಿಯುತ್ತಿತ್ತು. ಅವಳಿಗೆ ಉಸಿರು ಬಂದಂತಾಯಿತು.

ಆಗ ಆ ನಿಶ್ಶಬ್ದದಲ್ಲಿ ಜಿಪಿಎಸ್ಸಿನ ಹೆಣ್ಣು ದನಿ, ಮುನ್ನೂರು ಮೀಟರಿನ ನಂತರ ಎಡಕ್ಕೆ ತಿರುಗಿ ಎಂದು ಹೇಳಿತು.

ಫ್ಯೂಸಿನವರೆಗೆ ಎಲ್ಲ ಯೋಚಿಸಿದ್ದ ತಂಗಿ ಅದರ ಬಾಯಿ ಮುಚ್ಚಿಸುವುದನ್ನು ಮರೆತಿದ್ದಳು.

ಭಾವ ಕೀಲಿಯನ್ನು ನೋಡಿದ. ಜಿಪಿಎಸ್ಸನ್ನು ನೋಡಿದ. ಕನ್ನಡಿಯಲ್ಲಿ ತಂಗಿಯನ್ನು ನೋಡಿದ. ಎಡಕ್ಕೆ ತಿರುಗಿಸಿದ.

“ಭಾರೀ ಬುದ್ಧಿವಂತೆ ಇವಳು,” ಎಂದ, ಮೆಷಿನ್ನಿನ ಕಡೆ ಗದ್ದ ತೋರಿಸಿ. “ಊಟ ಇಲ್ದೇನೂ ಮಾತಾಡ್ತಾಳೆ.”

ಅಕ್ಕ ನಕ್ಕಳು. ಅವನು ತಮಾಷೆ ಮಾಡಿದಾಗ ನಗದಿದ್ದರೆ ಅದೂ ಒಂದು ತಪ್ಪು.

ಒಂದು ತಿರುವೂ ತಪ್ಪದೆ ಅರ್ಧ ಗಂಟೆ ಮೊದಲೇ ತಲುಪಿದರು. ಕ್ರಷರಿನ ಅಂಗಳದಲ್ಲಿ ಬಿಸಿಲು ನೆತ್ತಿಗೇರಿತ್ತು. ವೇಬ್ರಿಡ್ಜಿನ ಮುಂದೆ ಏಳೆಂಟು ಲಾರಿಗಳು, ನೆರಳಲ್ಲಿ ಕುಕ್ಕರಗಾಲಲ್ಲಿ ಕೂತ ಡ್ರೈವರುಗಳು. ತೂಕದ ಗುಮಾಸ್ತ ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹಾಕಿ, “ಬಂದ್ರಾ ಮಹಾರಾಯ್ರೇ? ನಿಮ್ಮ ದಾರಿ ಕಾದು ಕಾದು ಇವ್ರ ಗಡ್ಡ ಬೆಳೀತು,” ಎಂದ. ಭಾವ ಅವನಿಗೆ ಹಲ್ಲು ಗಿಂಜಿ, “ಎರಡೇ ನಿಮಿಷ ಸಾರ್,” ಎಂದ. ಗಾಡಿಯ ಬಾಗಿಲು ಎಳೆದುಕೊಂಡ. ಚಿಲಕ ಹಾಕಲಿಲ್ಲ.

ಮ್ಯಾಟಿನ ಅಂಚನ್ನು ಶೂಸಿನ ತುದಿಯಿಂದ ಎತ್ತಿದ. ವೈರು ಸಿಕ್ಕಿತು. ಹಗ್ಗ ಸೇದುವವನಂತೆ ಒಂದೊಂದೇ ಮೊಳ ಎಳೆಯುತ್ತ ಹಿಂದಕ್ಕೆ ನಡೆದ. ಮಂಚದ ಹಲಗೆ ಎತ್ತಿ, ಬ್ಯಾಟರಿಯ ತಲೆಗಳಿಂದ ಕಿತ್ತುಕೊಂಡ. ಡ್ಯಾಶ್‌ಬೋರ್ಡಿನ ಮೇಲೆ ಜಿಪಿಎಸ್ ಕಪ್ಪಾಯಿತು.

“ಯಾರು?”

“ನಾನೇ ರೀ,” ಎಂದಳು ಅಕ್ಕ. “ದಾರಿ ತಪ್ಪಬಾರದು ಅಂತ...”

ವೈರನ್ನು ನಾಲ್ಕು ಮಡಿಕೆ ಮಾಡಿ ಅವಳ ಮುಖದ ಮೇಲೆ ಬೀಸಿದ. ತಾಮ್ರದ ತುದಿ ಕೆನ್ನೆಯನ್ನು ಸೀಳಿಕೊಂಡು ಹೋಯಿತು. ಅವಳು ಬೇಸಿನ್ನಿನ ಮೇಲೆ ಬಿದ್ದಳು. ಜಡೆ ಹಿಡಿದು ಎತ್ತಿ ಹಣೆಯನ್ನು ಮೇಜಿನ ಅಂಚಿಗೆ ಕುಟ್ಟಿದ. ಒಮ್ಮೆ, ಮತ್ತೊಮ್ಮೆ.

ತಂಗಿಗೆ ದನಿ ಬಂತು. “ನಾನು ಭಾವ. ಅಕ್ಕ ಅಲ್ಲ. ನಾನು ಮಾಡಿದ್ದು.”

“ಗೊತ್ತು,” ಎಂದ ಭಾವ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಇವಳಿಗೆಲ್ಲಿ ವೈರು ಸುಲಿಯೋಕೆ ಬರ್ಬೇಕು.”

“ಹಂಗಾದ್ರೆ ನನಗೆ ಹೊಡೀರಿ.”

“ನಿನ್ನ ಕೈ ಮುರಿದ್ರೆ ಕೆಲ್ಸ ಯಾರು ಮಾಡ್ತಾರೆ ಮೂಗಿ? ನಿಮ್ಮಪ್ಪ ಬರ್ತಾನಾ?”

ಮತ್ತೆ ಬೀಸಿದ. ಬೆನ್ನಿಗೆ, ಕತ್ತಿಗೆ, ಮುಖ ಮುಚ್ಚಿಕೊಂಡ ಕೈಗಳಿಗೆ. ತಂಗಿ ಅವನ ತೋಳಿಗೆ ಜೋತುಬಿದ್ದಳು. ಒಂದೇ ಕೊಡವಿಗೆ ಒಲೆಯ ಬುಡದಲ್ಲಿ ಬಿದ್ದಳು. ನಿನ್ನೆ ದಾರಿ ತಪ್ಪಿತ್ತು, ಹೊಡೆದ. ಇಂದು ತಪ್ಪಲಿಲ್ಲ, ಹೊಡೆಯುತ್ತಿದ್ದಾನೆ. ಬಿದ್ದಲ್ಲಿಂದಲೇ ಅವಳಿಗೆ ಕಿಟಕಿ ಕಾಣುತ್ತಿತ್ತು. ಹೊರಗೆ ಡ್ರೈವರುಗಳು ಈ ಕಡೆಗೇ ನೋಡುತ್ತಿದ್ದರು. ಒಬ್ಬ ಎದ್ದು ನಿಂತ. ಇನ್ನೊಬ್ಬ ಅವನ ಅಂಗಿ ಜಗ್ಗಿ ಕೂರಿಸಿದ.

“ಏನ್ ಸಾರ್, ಒಳಗೇ ಸಂಸಾರ ಮಾಡ್ತಿದ್ದೀರಾ?” ಗುಮಾಸ್ತನ ಕೂಗು ಕೇಳಿತು. ಯಾರೋ ನಕ್ಕರು.

ಭಾವ ವೈರನ್ನು ಕೆಳಗೆ ಹಾಕಿ, ಬೇಸಿನ್ನಿನಲ್ಲಿ ಕೈ ತೊಳೆದು, ಪ್ಯಾಂಟಿಗೆ ಒರೆಸಿಕೊಂಡ. ಹೊರಗೆ ಹೋಗಿ ಮುಕ್ಕಾಲು ಗಂಟೆ ವೇಬ್ರಿಡ್ಜಿನ ಕೆಳಗೆ ತೆವಳಿ ಕೆಲಸ ಮಾಡಿದ. ನಡುನಡುವೆ “ಮೂಗೀ, ಸ್ಪ್ಯಾನರು,” “ಮೂಗೀ, ಟೇಪು,” ಎನ್ನುತ್ತಿದ್ದ. ತಂಗಿ ತಂದು ಕೊಡುತ್ತಿದ್ದಳು. ಕಡಿದುಹೋಗಿದ್ದ ಕೇಬಲ್ಲನ್ನು ಅವಳೇ ಕೂಡಿಸಿದಳು.

ಕೊನೆಗೆ ಪರೀಕ್ಷೆ. ಖಾಲಿ ಗಾಡಿಯ ತೂಕ ಅವರಿಗೆ ಕಿಲೋ ಲೆಕ್ಕದಲ್ಲಿ ಬಾಯಿಪಾಠ: ಮೂರು ಸಾವಿರದ ಇನ್ನೂರ ನಲವತ್ತು, ತಂಗಿ ಸೇರಿದರೆ ನಲವತ್ತೆರಡು ಹೆಚ್ಚು. ಭಾವ ಮುಂದೆ ನಿಂತು ಕೈ ಸನ್ನೆ ಮಾಡುವುದು, ತಂಗಿ ಗಾಡಿಯನ್ನು ಆಮೆಯ ಹಾಗೆ ಹತ್ತಿಸುವುದು, ಅಂಕಿ ಸರಿ ಬಂದರೆ ಕೆಲಸ ಮುಗಿದ ಹಾಗೆ. ಪ್ರತಿ ಊರಲ್ಲೂ ಹೀಗೇ.

“ಅವಳನ್ನ ಇಳಿಸು.”

“ಎದ್ದೇಳೋಕೆ ಆಗ್ತಿಲ್ಲ ಭಾವ. ಅವಳ ತೂಕ ಕಳೆದ್ರೆ ಆಯ್ತಲ್ಲ.”

“ಅವಳ ತೂಕ ಯಾವನಿಗ್ ಗೊತ್ತು? ದಿನಾ ಇಳೀತಿದಾಳೆ.” ತಾನೇ ಒಳಗೆ ಹೋಗಿ, ಕಂಕುಳಿಗೆ ಕೈ ಹಾಕಿ ಎಳೆದು ತಂದು ವೇಬ್ರಿಡ್ಜಿನ ಪಕ್ಕದ ಜಲ್ಲಿಯ ಮೇಲೆ ಕೂರಿಸಿದ. ಅಕ್ಕನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ವಾಲದಿರಲೆಂದು ಅವಳು ಒಂದು ಕೈಯನ್ನು ಗಾಡಿ ಹತ್ತುವ ಕಬ್ಬಿಣದ ತಟ್ಟೆಯ ಅಂಚಿಗೆ ಊರಿದಳು.

ತಂಗಿ ಎಂಜಿನ್ ಶುರು ಮಾಡಿದಳು. ಗಾಡಿಯ ನಾಲ್ಕು ಗಾಲಿಯೂ ಮೇಲೆ ಬಂದವು.

“ಎಷ್ಟು?” ಭಾವ ಕೂಗಿದ.

“ಮೂರು ಇನ್ನೂರ ಎಂಬತ್ತೆಂಟು,” ಎಂದ ಗುಮಾಸ್ತ.

“ಆರು ಹೆಚ್ಚು.” ಭಾವ ಸುತ್ತ ನೋಡಿದ. ಅಕ್ಕನ ಕೈ ಕಂಡಿತು. “ಏ, ತೂಕಕ್ಕೆ ಬೀಳ್ತಿದೆ. ತೆಗಿ.”

ಅವನು ನಿಂತಿದ್ದದ್ದು ಅಕ್ಕನ ಕೇಳದ ಕಿವಿಯ ಕಡೆ. ಅವಳು ತೆಗೆಯಲಿಲ್ಲ.

ಭಾವ ಹತ್ತಿರ ಹೋಗಿ ಆ ಬೆರಳುಗಳ ಮೇಲೆ ಕಾಲಿಟ್ಟ. ಇಟ್ಟು, ಸಿಗರೇಟು ಆರಿಸುವವನಂತೆ ಹಿಮ್ಮಡಿ ತಿರುಗಿಸಿದ. ಎಂಜಿನ್ನಿನ ಸದ್ದಿನಲ್ಲೂ ತಂಗಿಗೆ ಮೂಳೆಯ ಸದ್ದು ಕೇಳಿಸಿತು. ಅಕ್ಕ ಬಾಯಿ ತೆರೆದಳು. ಅವನು ಕಾಲೆತ್ತಿದ ಮೇಲೆ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಡ್ರೈವರುಗಳಲ್ಲಿ ಯಾರೂ ನಗಲಿಲ್ಲ, ಯಾರೂ ಏಳಲೂ ಇಲ್ಲ.

“ಈಗ?”

“ಈಗ ಸರಿ ಇದೆ ಸಾರ್,” ಎಂದ ಗುಮಾಸ್ತ. ತಲೆಯನ್ನು ಒಳಗೆ ಎಳೆದುಕೊಂಡ.

ತಟ್ಟೆಯ ಆ ತುದಿಯಲ್ಲೂ ತೂಕ ನೋಡಲು ಭಾವ ಮುಂದೆ ಹೋಗಿ ನಿಂತ. ವೇಬ್ರಿಡ್ಜಿನ ಕೊನೆಯಲ್ಲಿ ಲಾರಿಗಳು ಅಂಚು ತಪ್ಪದಿರಲೆಂದು ನೆಟ್ಟಿದ್ದ ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು, ಎರಡು ಅಂಗೈಯನ್ನೂ ತನ್ನ ಕಡೆಗೆ ಆಡಿಸಿದ. ಬಾ, ಬಾ, ನಿಧಾನ.

ತಂಗಿ ಕ್ಲಚ್ಚಿನಿಂದ ಕಾಲು ತೆಗೆದಳು. ಗಾಡಿ ಬಂತು. ಸಾಕು ಎಂದು ಅವನ ಕೈ ಎದ್ದಿತು. ಬ್ರೇಕಿನ ಮೇಲಿರಬೇಕಾದ ಅವಳ ಕಾಲು ಎಕ್ಸಲರೇಟರಿನ ಮೇಲಿತ್ತು. ಸ್ಟಿಯರಿಂಗನ್ನು ಅವಳು ಅರ್ಧ ಗೇಣು ತಿರುಗಿಸಿದಳು, ಕಂಬದ ಕಡೆಗೆ. ಅಷ್ಟನ್ನೂ ಅವಳು ಕಣ್ಣು ಬಿಟ್ಟುಕೊಂಡೇ ಮಾಡಿದಳು.

ಬಂಪರು ಅವನ ತೊಡೆಗಳನ್ನು ಕಂಬಕ್ಕೆ ಒತ್ತಿ ಹಿಡಿಯಿತು. ಒಣ ಸೌದೆ ಮುರಿದಂತೆ ಒಂದು ಸದ್ದು. ಗಾಡಿ ಒಮ್ಮೆ ಜರ್ಕು ಹೊಡೆದು, ಗೇರಿನಲ್ಲೇ ಎಂಜಿನ್ ನಿಂತುಹೋಯಿತು. ಭಾವನ ಎದೆ ಬಾನೆಟ್ಟಿನ ಮೇಲೆ ಬಿತ್ತು. ಅವನು ಕೂಗಿದ ಕೂಗಿಗೆ ಕ್ರಷರಿನ ಮೇಲಿನ ಹಕ್ಕಿಗಳೆಲ್ಲ ಎದ್ದವು.

ಈಗ ಎಲ್ಲರಿಗೂ ಕಾಲು ಬಂದವು. ಡ್ರೈವರುಗಳು ಓಡಿ ಬಂದು ಬಾಗಿಲು ಬಡಿದರು, ಗಾಜು ಬಡಿದರು. “ಹುಚ್ಚು ಹಿಡಿದಿದೆಯಾ? ಬಾಗಿಲು ತೆಗಿಯಮ್ಮಾ.” ತಂಗಿ ಒಳಗಿನಿಂದ ಗುಂಡಿ ಒತ್ತಿ ಎರಡೂ ಬಾಗಿಲು ಭದ್ರ ಮಾಡಿದ್ದಳು. ನಾಲ್ವರು ಬಂಪರಿಗೆ ಕೈ ಕೊಟ್ಟು ಹಿಂದಕ್ಕೆ ನೂಕಲು ನೋಡಿದರು; ಗೇರಿನಲ್ಲಿದ್ದ ಗಾಡಿ ಅಲುಗಿ ಮತ್ತೆ ಮುಂದಕ್ಕೇ ಕೂತಿತು. ಭಾವ ಇನ್ನೊಮ್ಮೆ ಕೂಗಿದ. ಅವರು ಕೈ ತೆಗೆದರು. ಅವನ ಪ್ಯಾಂಟಿನಿಂದ ರಕ್ತ ಇಳಿದು ಕಬ್ಬಿಣದ ತಟ್ಟೆಯ ಮೇಲೆ ಹರಡುತ್ತಿತ್ತು.

ತಂಗಿ ಪಕ್ಕದ ಕಿಟಕಿಯಿಂದ ಅಕ್ಕನನ್ನು ನೋಡಿದಳು. ಅಕ್ಕ ಜಜ್ಜಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತೆರೆದಿದ್ದ ಒಂದೇ ಕಣ್ಣಿನಿಂದ ಗಂಡನನ್ನು ನೋಡುತ್ತಿದ್ದಳು. ಒಬ್ಬ ಡ್ರೈವರು ಅವಳ ಬಳಿ ಬಾಗಿ, “ನೀವಾದ್ರೂ ಹೇಳಿ ತಾಯೀ,” ಎಂದ. ಅವಳು ಅವನ ಕಡೆ ತಿರುಗಲಿಲ್ಲ.

ಭಾವ ಬಾನೆಟ್ಟಿನ ಮೇಲಿನಿಂದ ತಲೆ ಎತ್ತಿದ. ಅವನ ಮುಖಕ್ಕೂ ತಂಗಿಯ ಮುಖಕ್ಕೂ ನಡುವೆ ಒಂದು ಗಾಜು ಮಾತ್ರ. ತುಟಿ ಬಿಳುಚಿತ್ತು. ಅವನು ಅವಳನ್ನು ಮೂಗಿ ಎನ್ನಲಿಲ್ಲ. ಮ್ಯಾನೇಜರುಗಳ ಎದುರು ಆಡುವ ಮೆತ್ತಗಿನ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ:

“ಗಾಡಿ ಒಂಚೂರು ಹಿಂದಕ್ಕೆ ತಗೊಳ್ಳಮ್ಮ.”