ಎರಡೇ ಎರಡು ದಮ್ಮು

ಸಿಗರೇಟು ಸೇದುವವರಿಗೆ ವಿಮಾನ ಪ್ರಯಾಣವೆಂದರೆ ದೊಡ್ಡ ತಲೆನೋವು. ಬಸ್ಸಾದರೆ ನಿಂತಲ್ಲಿ ಇಳಿದು ಒಂದು ದಮ್ಮು ಎಳೆದು ಬರಬಹುದು. ವಿಮಾನದಲ್ಲಿ ಅದೆಲ್ಲ ನಡೆಯುವುದಿಲ್ಲ. ಒಬ್ಬ ವೆಲ್ಡರನಿಗೂ ಇದೇ ಕಷ್ಟ ಬಂತು.

ದೂರದೂರಿನಲ್ಲಿದ್ದ ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. ವೆಲ್ಡರ್, ಅವನ ಹೆಂಡತಿ, ಹೆಂಡತಿಯ ಅಕ್ಕ ಮೂವರೂ ಹೊರಟಿದ್ದರು. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಇಳಿಯುವ ಹೊತ್ತಿಗೆ ವೆಲ್ಡರನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಅತ್ತಿಗೆ, ಇಲ್ಲೆಲ್ಲಾದ್ರೂ ಸೇದೋಕೆ ಜಾಗ ಇರುತ್ತಾ?”

“ಕೆಲವು ಕಡೆ ಬೇರೆ ಕೋಣೆ ಇಟ್ಟಿರ್ತಾರೆ, ಕೆಲವು ಕಡೆ ಇರಲ್ಲ. ಮಾಹಿತಿ ಕೌಂಟರಲ್ಲಿ ಕೇಳಿ. ಇಲ್ಲ ಅಂದ್ರೆ ಸುಮ್ನೆ ಬಂದ್ಬಿಡಿ.”

ಅವನು ಕೇಳಿಕೊಂಡು ಬಂದ. ಮುಖ ಸಪ್ಪಗಾಗಿತ್ತು. “ಇಲ್ವಂತೆ. ಹೊರಗೆ ಹೋಗಿ ಸೇದ್ಬೇಕಂತೆ.”

“ಹೊರಗೆ ಹೋದ್ರೆ ಮತ್ತೆ ತಪಾಸಣೆ ಸಾಲಲ್ಲಿ ನಿಲ್ಬೇಕು. ಅಷ್ಟರಲ್ಲಿ ವಿಮಾನ ಹೋಗಿರುತ್ತೆ. ನೀರು ಕುಡೀರಿ, ಸ್ವಲ್ಪ ಓಡಾಡಿ. ಚಪಲ ಬರುತ್ತೆ, ಆಮೇಲೆ ತಾನೇ ಇಳಿಯುತ್ತೆ. ಶೌಚಾಲಯದಲ್ಲಿ ಮಾತ್ರ ಹಚ್ಚಬೇಡಿ.”

“ಎರಡೇ ಎರಡು ದಮ್ಮಿಗೆ ಯಾರ ಗಂಟೇನು ಹೋಗುತ್ತೆ, ಬಿಡಿ,” ಎಂದು ನಕ್ಕ.

“ರೀ, ಮಗಳ ಹೆರಿಗೆಗೆ ಹೋಗ್ತಿದೀವಿ. ಇವತ್ತೊಂದಿನ ಬಾಯಿ ಕಟ್ಕೊಳ್ಳಿ,” ಎಂದಳು ಹೆಂಡತಿ.

ತಲೆಯಾಡಿಸಿದ. ನೀರು ಕುಡಿದು ಬರುತ್ತೇನೆಂದು ಎದ್ದವನು ನೇರ ಶೌಚಾಲಯಕ್ಕೆ ಹೋಗಿ ಒಂದು ಕೋಣೆಯ ಬಾಗಿಲು ಹಾಕಿಕೊಂಡು ಎರಡು ದಮ್ಮು ಎಳೆದ. ಹೆಜ್ಜೆ ಸದ್ದು ಕೇಳಿ ಗಾಬರಿಯಾಯಿತು. ಸಿಗರೇಟನ್ನು ಗೋಡೆಗೆ ಒತ್ತಿ, ಹೊರಬಂದು, ಕೈ ತೊಳೆಯುವಲ್ಲಿ ಒರೆಸಿದ ಕಾಗದ ತುಂಬಿದ್ದ ಬುಟ್ಟಿಗೆ ತುಂಡನ್ನು ಹಾಕಿದ.

ಬಂದು ಕೂತಾಗ ಹೆಂಡತಿ ವಾಸನೆ ಹಿಡಿದು ಮುಖ ತಿರುಗಿಸಿದಳು.

ಸ್ವಲ್ಪ ಹೊತ್ತಿಗೆ ಅಪಾಯದ ಗಂಟೆ ಹೊಡೆದುಕೊಂಡಿತು. ಶೌಚಾಲಯದಿಂದ ಕಪ್ಪು ಹೊಗೆ ನುಗ್ಗುತ್ತಿತ್ತು. ಜನ ಚೀಲ ಬಿಟ್ಟು ಓಡಿದರು. ಒಳಗೆ ಪಕ್ಕದ ಕೋಣೆಯಲ್ಲಿ ಗಾಲಿಕುರ್ಚಿಯ ಮುದುಕರೊಬ್ಬರು ಸಿಕ್ಕಿಕೊಂಡಿದ್ದರು. ಸಿಬ್ಬಂದಿ ಅವರನ್ನು ಎತ್ತಿಕೊಂಡು ಬಂದು ನೆಲದ ಮೇಲೆ ಇಳಿಸಿದರು. ತುಟಿ ನೀಲಿಗಟ್ಟಿತ್ತು. ಅತ್ತಿಗೆ ಓಡಿಹೋಗಿ ಅವರನ್ನು ಒರಗಿಸಿ ಕೂರಿಸಿ, ಅಂಗಿಯ ಗುಂಡಿ ಬಿಚ್ಚಿ, “ನಿಧಾನ, ನಿಧಾನ ಉಸಿರಾಡಿ,” ಎನ್ನುತ್ತಿದ್ದಳು.

ವೆಲ್ಡರ್ ಕಲ್ಲಾಗಿ ನಿಂತ. ಕೆಲಸದಲ್ಲಿ ಒಂದು ಕಿಡಿ ಹಾರಿದರೂ ಮರಳಿನ ಬಕೆಟ್ ಎಲ್ಲಿದೆಯೆಂದು ಮೊದಲು ನೋಡುವವನು ಅವನು. ಬೆಂಕಿಯ ಜೊತೆ ಬದುಕಿಯೂ ಇಷ್ಟು ವರ್ಷ ಯಾರಿಗೂ ಏನೂ ಆಗಲು ಬಿಟ್ಟಿರಲಿಲ್ಲ.

“ನೀವಾ?” ಹೆಂಡತಿ ಅವನತ್ತ ತಿರುಗಿ ಕೇಳಿದಳು.

“ನಾನೇ. ಆರಿದೆ ಅನ್ಕೊಂಡೆ.”

ಅವನೇ ಹೋಗಿ ಭದ್ರತಾ ಸಿಬ್ಬಂದಿಗೆ ಹೇಳಿದ. ಪೊಲೀಸರು ಕೂರಿಸಿಕೊಂಡರು. ಬೆಂಕಿ ಆರಿಸಿದ ಮೇಲೆ ವಿಮಾನ ಹತ್ತಲು ಕರೆ ಬಂತು. ಹೆಂಡತಿ ಅವನನ್ನೇ ನೋಡುತ್ತ ನಿಂತಳು.

“ಅಕ್ಕನ ಜೊತೆ ನೀ ಹೋಗು. ಮಗಳಿಗೆ ಈಗ ನೀನು ಬೇಕು,” ಎಂದ.

ಮೊಮ್ಮಗಳು ಹುಟ್ಟಿದಾಗ ಅಜ್ಜ ಪೊಲೀಸ್ ಠಾಣೆಯ ಬೆಂಚಿನ ಮೇಲಿದ್ದ. ಜಾಮೀನು ಸಿಕ್ಕ ಮೇಲೆ ಆಸ್ಪತ್ರೆಗೆ ಹೋಗಿ ಮುದುಕರ ಕೈ ಹಿಡಿದು ಕ್ಷಮೆ ಕೇಳಿದ. ಜೀವ ಉಳಿದಿತ್ತು. ಆದರೆ ಅವರು ಕೈ ಹಿಂದಕ್ಕೆ ಎಳೆದುಕೊಂಡರು.

ಮಗಳ ಮನೆ ಸೇರಿದವನು ಮಗುವನ್ನು ಎತ್ತಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದ, “ಅತ್ತಿಗೆ, ಈ ಚಟ ಬಿಡೋಕೆ ಏನಾದ್ರೂ ದಾರಿ ಇದ್ಯಾ?”

“ಇದೆ. ಡಾಕ್ಟರ್ ನೋಡಿ, ಅಗಿಯೋ ಗಮ್ಮೋ ಮಾತ್ರೆಯೋ ಕೊಡ್ತಾರೆ. ಕೂರಿಸ್ಕೊಂಡು ಮಾತಾಡ್ತಾರೆ. ಒಂದು ಸಲಕ್ಕೆ ಆಗ್ದಿದ್ರೆ ಮತ್ತೆ ಪ್ರಯತ್ನ ಮಾಡ್ಬೇಕು.”

“ಹಾಗಾದ್ರೆ ಹೊರಡೋಣ.”

“ಇರಿ, ನಾನೂ ಬರ್ತೀನಿ,” ಎಂದಳು ಹೆಂಡತಿ. ನಿಲ್ದಾಣದ ಆ ದಿನದ ನಂತರ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ಅಣ್ಣಂದಿರೇ, ಅಕ್ಕಂದಿರೇ, ಸೇದುವ ಜಾಗ ಇದೆಯೇ ಎಂದು ಕೇಳಲು ನಾಚಬೇಡಿ. ಇಲ್ಲ ಎಂದರೆ ತಡೆದುಕೊಳ್ಳಿ. ತಡೆಯಲಾಗದು ಎನಿಸಿದರೆ ಪ್ರಯಾಣಕ್ಕೆ ಮೊದಲೇ ವೈದ್ಯರನ್ನು ಕಾಣಿ. ವಿಮಾನದಲ್ಲಾಗಲಿ ಶೌಚಾಲಯದಲ್ಲಾಗಲಿ ಎಂದಿಗೂ ಹಚ್ಚಬೇಡಿ. ಪಕ್ಕದ ಬಾಗಿಲ ಹಿಂದೆ ಯಾರಿದ್ದಾರೆಂದು ನಿಮಗೆ ಕಾಣುವುದಿಲ್ಲ.