ಸೋಮವಾರದ ಕುದುರೆ

ನಮ್ಮನೆಗೆ ಪ್ರತಿ ಸೋಮವಾರ ಒಂದು ಕುದುರೆ ಬರ್ತಿತ್ತು. ಬಾಡಿಗೆಗೆ! ಕಾಲೇಜಲ್ಲಿ ನಾನು ಫೋನ್ ತೆಗ್ದು ಫೋಟೋ ತೋರಿಸಿ, "ನಮ್ಮನೇದು" ಅಂತ ಮೆರೆದಿದ್ದೇ ಮೆರೆದಿದ್ದು. ಬಾಡಿಗೆ ಅನ್ನೋದನ್ನ ಮಾತ್ರ ನುಂಗ್ಕೊಂಡಿದ್ದೆ.

ವಿಷ್ಯ ಏನಂದ್ರೆ, ನಮ್ಮಪ್ಪ ಪದ್ಮನಾಭ ಭಟ್ರು ಕಾಶಿಗೆ ಬರೋ ಕನ್ನಡದೋರಿಗೆ ಪೂಜೆ, ಪಿಂಡ, ದಾನ ಎಲ್ಲಾ ಮಾಡಿಸ್ತಾರೆ. ದಾನದ್ದು ಒಂಥರಾ ತಮಾಷೆ. ಬೆಳಗ್ಗೆ ಒಬ್ರು ದಾನ ಕೊಟ್ಟ ಹಸುನೇ ಮಧ್ಯಾಹ್ನ ಇನ್ನೊಬ್ರೂ ಕೊಡ್ತಾರೆ. ಹಸು ಪಕ್ಕದ ಗಲ್ಲಿ ಹಾಲಿನವನದ್ದು. ಅಪ್ಪ ಮಂತ್ರ ಹೇಳಿ ತಗೊಳ್ತಾರೆ, ಸಂಜೆ ಅದು ಅದರ ಪಾಡಿಗೆ ಅದರ ಮನೆಗೆ ಹೋಗತ್ತೆ. ಕೊಟ್ಟೋರು ರೈಲು ಹತ್ತಿ ಊರಿಗೆ ಹೋಗ್ತಾರೆ. ಹಸು ಎಲ್ಲಿ ಅಂತ ಯಾರೂ ಕೇಳಲ್ಲ.

ಕಾಳಮ್ಮಜ್ಜಿ ರೈಲು ಹತ್ತಲೇ ಇಲ್ಲ!

ಅಜ್ಜಿ ಸಿರಾ ಕಡೆಯೋರು. ಅವರ ಯಜಮಾನ್ರು ಜಟಕಾ ಹೊಡೀತಿದ್ರಂತೆ. "ಇರೋಗಂಟ ಕುದ್ರೆಗೆ ಚಾವ್ಟೀಲಿ ಬಾರ್ಸಿದ್ರು ಸ್ವಾಮಿ. ಅವರೆಸ್ರಲ್ಲಿ ಒಂದು ಕುದ್ರೆ ದಾನ ಕೊಡ್ಬೇಕು," ಅಂತ ಕಿವಿ ಓಲೆ ಮಾರ್ಕೊಂಡು ಬಂದಿದ್ರು. ಅಪ್ಪ ಗಂಗೆ ಆಚೆ ದಡದ ರಾಮನಗರದಲ್ಲಿ ಟಾಂಗಾ ಹೊಡೆಯೋ ಬುಲಾಕಿ ಚಾಚಾನ ಹತ್ರ ಬಿಳಿ ಹೆಣ್ಣು ಕುದುರೆ ತರಿಸಿ, ಕುಂಕುಮ ಹಚ್ಚಿ, ದಾನ ತಗೊಂಡ್ರು. ಅಜ್ಜಿ ಅದಕ್ಕೆ ಗೌರಿ ಅಂತ ಹೆಸರಿಟ್ರು. ಆಮೇಲೆ "ಇನ್ನು ಸಾಯೋಗಂಟ ನಾನಿಲ್ಲೇ" ಅಂತ ಕಾಶಿಯ ಜಂಗಮವಾಡೀಲೇ ಒಂದು ರೂಮ್ ಹಿಡಿದ್ರು. ಮುಂದಿನ ಸೋಮವಾರ ನೆನೆಸಿದ ಕಡ್ಲೆ ಹಿಡ್ಕೊಂಡು ನಮ್ಮ ಬಾಗಿಲಲ್ಲಿ ಹಾಜರ್.

"ಗೌರಿ ಎಲ್ಲಿ ಸ್ವಾಮಿ?"

"ಮೇಯಕ್ಕೆ ಹೋಗಿದೆ," ಅಂದ್ರು ಅಪ್ಪ.

ಈ ಗಲ್ಲೀಲಿ ಕುದುರೆ ಏನ್ ಮೇಯತ್ತೆ, ಪಾನ್ ಅಂಗ್ಡಿ ಎಲೇನಾ? ನಾನು ಬಾಯಿಗೆ ದುಪಟ್ಟಾ ತುರುಕ್ಕೊಂಡು ಒಳಗೆ ಓಡಿದೆ.

ಅವತ್ತಿಂದ ಪ್ರತಿ ಸೋಮವಾರ ಬುಲಾಕಿ ಚಾಚಾ ಸೇತುವೆ ದಾಟಿ ಕುದುರೆ ತಂದು ನಮ್ಮ ಅಂಗಳದಲ್ಲಿ ಕಟ್ಟಿ ಹೋಗ್ತಿದ್ರು. ಸಂಜೆ ಬಂದು ಕರ್ಕೊಂಡು ಹೋಗ್ತಿದ್ರು. ಗಲ್ಲೀಲಿ ಅದಕ್ಕೆ ತಿರುಗಕ್ಕೂ ಜಾಗ ಇಲ್ಲ. ಹಿಮ್ಮುಖ ನಡ್ಕೊಂಡೇ ಹೋಗ್ಬೇಕು, ಹಿಂದಿರೋ ಸೈಕಲ್ ರಿಕ್ಷಾದೋರು ಬೈಕೋಬೇಕು! ಅಮ್ಮ ಮಾತ್ರ ನಗ್ತಿರಲಿಲ್ಲ. "ಆ ಮುದುಕಿ ಕಣ್ಣಿಗೆ ಮಣ್ಣೆರಚ್ತಾ ಇದೀರಿ ರೀ," ಅಂತಿದ್ಲು. "ಅವರ ಸಂತೋಷಕ್ಕಲ್ವೇನೆ ನಾಗಮಣಿ," ಅಂತಿದ್ರು ಅಪ್ಪ.

2009ರ ಚಳಿಗಾಲದಲ್ಲಿ ಆ ಕಡೆ ದಡದ ಕುದುರೆಗಳಿಗೆ ಗ್ಲ್ಯಾಂಡರ್ಸ್ ಅನ್ನೋ ರೋಗ ಬಂತು. ಮೂಗಲ್ಲಿ ಕೀವು ಸುರಿಯತ್ತಂತೆ, ಮನುಷ್ಯರಿಗೂ ಅಂಟತ್ತಂತೆ. ಅದೇ ವರ್ಷ ಹೊಸ ಕಾನೂನೂ ಬಂದಿತ್ತು. ರೋಗ ಇರೋ ಕುದುರೆನ ಸರ್ಕಾರವೇ ಇಂಜೆಕ್ಷನ್ ಕೊಟ್ಟು ಸಾಯಿಸತ್ತೆ, ಮಾಲೀಕನಿಗೆ ಪರಿಹಾರ ಕೊಡತ್ತೆ. ಉಳಿದ ಕುದುರೆಗಳು ರಕ್ತದ ರಿಪೋರ್ಟ್ ಬರೋವರೆಗೂ ಇದ್ದಲ್ಲಿಂದ ಅಲ್ಲಾಡೋ ಹಾಗಿಲ್ಲ.

ಸೇತುವೆ ಮೇಲೆ ಪೊಲೀಸ್ರು ಬಂದು ಕುದುರೆಯೋರನ್ನ ತಡೆದಿದ್ದು ಒಂದು ಸೋಮವಾರ ಮಧ್ಯಾಹ್ನ. ಬುಲಾಕಿ ಚಾಚಾ ಆ ಕಡೆ, ಕುದುರೆ ನಮ್ಮ ಅಂಗಳದಲ್ಲಿ, ಕಾಳಮ್ಮಜ್ಜಿ ಅದರ ಪಕ್ಕ ಕಡ್ಲೆ ತಿನ್ನಿಸ್ತಾ.

ಯಾರು ಹೇಳಿದ್ರೋ, ಪಶು ಡಾಕ್ಟ್ರು ಒಬ್ಬ ಸಿಪಾಯಿನ ಕರ್ಕೊಂಡು ನಮ್ಮನೆಗೇ ಬಂದ್ರು. ಕುದುರೆ ಕತ್ತಿಂದ ರಕ್ತ ತೆಗೆದು ಹಿಂದೀಲಿ ಕೇಳಿದ್ರು, "ಯಾರದ್ದಿದು? ಮಾಲೀಕರು ಇಲ್ಲೇ ಇದ್ರೆ ಹೆಸರು ಹೇಳಿ, ಇಲ್ಲೇ ಕಟ್ಕೊಂಡಿರಿ. ಇಲ್ಲಾಂದ್ರೆ ದೊಡ್ಡಿಗೆ ಹಾಕ್ತೀವಿ."

ದೊಡ್ಡೀಲಿ ಆಗ್ಲೇ ಕಾಯಿಲೆ ಕುದುರೆಗಳನ್ನೂ ಕಟ್ಟಿದಾರೆ ಅಂತ ಊರೆಲ್ಲಾ ಮಾತಾಡ್ತಿತ್ತು. ನಾನು ಹಿಂದೆ ಸರಿದು ಬುಲಾಕಿ ಚಾಚಾಗೆ ಫೋನ್ ಹಚ್ಚಿದೆ. ಅವರು ಅಳ್ತಾ ಇದ್ರು. "ಬಿಟಿಯಾ, ಭಟ್ಜಿಗೆ ತಮ್ದೇ ಅಂತ ಹೇಳಕ್ಕೆ ಹೇಳಮ್ಮ. ದೊಡ್ಡಿಗೆ ಹೋದ್ರೆ ಅದು ಬದುಕಲ್ಲ."

ಅಪ್ಪನ ಕಿವೀಲಿ ಹೇಳಿದೆ. "ಹುಚ್ಚಾ ನಿಂಗೆ?" ಅಂದ್ರು. "ನಾಳೆ ರೋಗ ಅಂತ ಬಂದ್ರೆ ಮನೆಗೆ ಬೋರ್ಡ್ ಹಾಕ್ತಾರೆ. ಆಮೇಲೆ ಯಾವ ಯಾತ್ರಿಕ ಈ ಹೊಸ್ಲು ತುಳೀತಾನೆ?"

ಡಾಕ್ಟ್ರ ಕಡೆ ತಿರುಗಿ ಕೈ ಮುಗಿದ್ರು. "ನಮ್ದಲ್ಲ ಸಾಹೇಬ್ರೆ. ಯಾರೋ ಕಟ್ಟಿ ಹೋಗಿದಾರೆ."

ಸಿಪಾಯಿ ಹಗ್ಗ ಬಿಚ್ಚಿದ. ಅಜ್ಜಿಗೆ ಹಿಂದಿ ಬರಲ್ಲ. ಆದ್ರೆ ಹಗ್ಗ ಬಿಚ್ಚೋದು ಕಾಣ್ಸತ್ತಲ್ಲ.

"ಯಾಕ್ ಸ್ವಾಮಿ, ಗೌರೀನ ಯಾಕ್ ಕೊಡ್ತಿದೀರಿ?"

"ಸರ್ಕಾರದ ಕಾನೂನು ಕಾಳಮ್ಮ. ನಮ್ಮ ಕೈಯಲ್ಲಿಲ್ಲ."

"ಏನಂತೆ ಕಾನೂನು?" ಅಜ್ಜಿ ನನ್ನ ಕೇಳಿದ್ರು.

"ಮಾಲೀಕರು ಇದ್ರೆ ಬಿಡ್ತಾರಂತೆ ಅಜ್ಜಿ."

"ಮತ್ತೆ ಇದಾರಲ್ಲ!" ಅಜ್ಜಿ ಅಪ್ಪನ ತೋರಿಸಿದ್ರು. "ಹೇಳಿ ಸ್ವಾಮಿ."

ಅಪ್ಪ ತುಳಸಿಕಟ್ಟೆ ನೋಡ್ತಾ ನಿಂತ್ರು. ಹೇಳ್ಬೇಡ ಅಂತ ನಂಗೆ ಕಣ್ಣಲ್ಲೇ ಸನ್ನೆ ಮಾಡಿದ್ರು. ಇಷ್ಟು ದಿನ ದುಪಟ್ಟಾ ತುರುಕ್ಕೊಂಡು ನಕ್ಕಿದ್ದ ನಾನು ಅಜ್ಜಿ ಕಡೆ ತಿರುಗಿದೆ.

"ಅದು ಬಾಡಿಗೇದು ಅಜ್ಜಿ," ಅಂದೆ. "ರಾಮನಗರದೋರದ್ದು. ನೀವು ಬರೋ ದಿನ ಮಾತ್ರ ತರಿಸ್ತೀವಿ."

ಬೈತಾರೆ ಅಂದ್ಕೊಂಡೆ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಅಜ್ಜಿ ಕೈಯಲ್ಲಿದ್ದ ಕಡ್ಲೆ ನೋಡಿದ್ರು.

"ದಾನ ಕೊಟ್ಟಿದ್ದೂ ಬಾಡಿಗೇದೇನಾ?"

ನಾನು ಹೂಂ ಅಂತ ತಲೆ ಆಡಿಸಿದೆ.

"ಅಂಗಾರೆ ನಮ್ಮೋರಿಗೆ ಏನೂ ಮುಟ್ಟಿಲ್ಲ." ಇದು ಯಾರಿಗೂ ಹೇಳಿದ್ದಲ್ಲ. ಆಮೇಲೆ ಎದ್ದು ಹೋಗಿ ಸಿಪಾಯಿ ಕೈಯಿಂದ ಹಗ್ಗ ಕಿತ್ಕೊಂಡ್ರು. "ಅವ್ರಿಗೆ ಹೇಳು ಮಗಾ. ಯಾರ್ದಾದ್ರೂ ಆಗ್ಲಿ, ಈವತ್ತು ಇದು ನಂದು ಅಂತ ಬರ್ಕೊಳ್ಳಿ."

ಹೇಳ್ದೆ. ಡಾಕ್ಟ್ರಿಗೆ ನಗು ಬಂತು. "ಎಲ್ಲಿ ಕಟ್ಕೋತಾರಂತೆ ಈ ಅಜ್ಜಿ?"

ಅಜ್ಜಿ ರೂಮು ಎರಡನೇ ಮಹಡೀಲಿ. ಅದರಲ್ಲಿ ಒಂದು ಚಾಪೆ, ಒಂದು ಸ್ಟವ್ ಹಿಡಿಯತ್ತೆ ಅಷ್ಟೆ. ಅಜ್ಜಿ ಅಪ್ಪನ ಹತ್ರ ಬಂದು ಸೊಂಟದ ಚೀಲಕ್ಕೆ ಕೈ ಹಾಕಿದ್ರು.

"ಸ್ವಾಮಿ, ನಿಮ್ಮಂಗಳ ಬಾಡಿಗೆಗೆ ಕೊಡಿ."

ಕುಹಕ ಇರಲಿಲ್ಲ. ಚುಚ್ಚೋಣ ಅಂತ ಆಡಿದ ಮಾತೂ ಅಲ್ಲ. ಗೋದೌಲಿಯಾ ಮಾರ್ಕೆಟ್ಟಲ್ಲಿ ತರಕಾರಿ ಕೇಳೋ ಥರ ಕೇಳಿದ್ರು. ಅದಕ್ಕೇ ನಂಗೆ ನೆಲ ಬಿರೀಬಾರ್ದಾ ಅನ್ನಿಸ್ತು.

ಒಳಗಿಂದ ಅಮ್ಮ ಬಂದ್ಲು. ಯಾರನ್ನೂ ಏನೂ ಕೇಳ್ದೆ ಅಂಗಳದಲ್ಲಿದ್ದ ಸ್ಕೂಟರನ್ನ ಗಲ್ಲಿಗೆ ತಳ್ಳಿದ್ಲು, ಬಟ್ಟೆ ಹಗ್ಗ ಬಿಚ್ಚಿದ್ಲು, ಜಾಗ ಮಾಡಿದ್ಲು. "ಇಲ್ಲೇ ಇರತ್ತೆ ಅಂತ ಹೇಳೇ ಅಪ್ಪೂ," ಅಂದ್ಲು ನಂಗೆ.

ಡಾಕ್ಟ್ರು ಬರ್ಕೊಂಡ್ರು. ಅಜ್ಜಿ ಹೆಬ್ಬೆಟ್ಟು ಒತ್ತಿದ್ರು.

ಆಮೇಲೆ ಅಜ್ಜಿ ಮಡಿಚಿದ ನೋಟು ಅಪ್ಪನ ಮುಂದೆ ಹಿಡಿದ್ರು. ಬೇಡ ಅಂತಾರೆ ಅಂತ ನಾನು, ಅಮ್ಮ ಇಬ್ರೂ ಕಾಯ್ತಾ ನಿಂತಿದ್ವಿ. ಅಪ್ಪಂಗೆ ಎಷ್ಟು ವರ್ಷದ ಅಭ್ಯಾಸವೋ ಏನೋ, ಎಡಗೈ ಮೇಲೆ ಬಲಗೈ ಇಟ್ಟು, ದಕ್ಷಿಣೆ ತಗೊಳ್ಳೋ ಹಾಗೆ ಚಾಚಿಬಿಟ್ರು. ಬಾಯಲ್ಲಿ ಮಂತ್ರಾನೂ ಶುರುವಾಯ್ತು. ಒಂದೇ ಒಂದು ಶಬ್ದ. ಅಷ್ಟರಲ್ಲಿ ನಮ್ಮಿಬ್ಬರ ಮುಖ ನೋಡಿದ್ರು.

ಮಂತ್ರ ಅಲ್ಲೇ ನಿಂತ್ಹೋಯ್ತು. ಕೈ ಮಾತ್ರ ಹಾಗೇ ಇತ್ತು. ಅಜ್ಜಿ ಅದರಲ್ಲಿ ನೋಟಿಟ್ಟು, ಕುದುರೆಗೆ ನೀರು ತರಕ್ಕೆ ಬಕೆಟ್ ಕೇಳಿದ್ರು.